ಅಪ್ಪಯ್ಯನ ಬೆರಳು ಮತ್ತು 65

ಕಳೆದ ತಿಂಗಳು ಸಾಗರದಲ್ಲಿ ನೆಂಟರ ಮನೆ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಅಪ್ಪಯ್ಯನ ಬಲಗೈ ನೋಡಿ, "ಅಡಿಕೆ ಸುಲಿಯೋ ಮೆಷಿನ್ನಿಗೆ ಸಿಕ್ಕಿತ್ತಾ?" ಅಂತ ಕೇಳಿದರು.

"ಇಲ್ಲ, ಇಂಜೆಕ್ಷನ್ನಿಗೆ" ಅಂದ ಅಪ್ಪಯ್ಯ, ಪಾಯಸ ಕಲಸಿಕೊಳ್ಳುತ್ತಾ.

ಅವರು ತಮಾಷೆ ಅಂದುಕೊಂಡು ನಕ್ಕರು. ಅಪ್ಪಯ್ಯನೂ ನಕ್ಕ. ಆದರೆ ಅವನು ಹೇಳಿದ್ದು ನಿಜ. ಅವನ ಬಲಗೈಯ ತೋರುಬೆರಳು, ಮಧ್ಯದ ಬೆರಳಿಗೆ ಈಗ ಮೇಲಿನ ಗೆಣ್ಣಿಲ್ಲ. ಎಡಗೈಯ ಕಿರುಬೆರಳಿನ ತುದಿ ಇಲ್ಲ. ಕಾಲಿನಲ್ಲಿ ಎರಡು ಬೆರಳು ಹೋಗಿವೆ. ಅದಕ್ಕೆ ಒಂದು ಕಾರಣವಾದ ಔಷಧಿಯ ಹೆಸರು ನಾರ್‌ಅಡ್ರಿನಲಿನ್. ಆ ಪಂಕ್ತಿಯಲ್ಲಿ ಅವನು ಕೂತು ಪಾಯಸ ತಿನ್ನೋದಕ್ಕೂ ಅದೇ ಔಷಧಿ ಕಾರಣ. ಈ ಎರಡು ವಾಕ್ಯವನ್ನು ಒಟ್ಟಿಗೆ ಹೇಳೋದಕ್ಕೆ ನನಗೆ ಹನ್ನೊಂದು ತಿಂಗಳು ಬೇಕಾಯ್ತು. ಯಾಕೆ ಅಂತ ಬರೀತೀನಿ.

ಎರಡು ವರ್ಷದ ಹಿಂದಿನ ಡಿಸೆಂಬರ್. ಊರಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಅಪ್ಪಯ್ಯನಿಗೆ ಒಂದು ವಾರದಿಂದ ಉರಿಮೂತ್ರ. 68 ವರ್ಷ, ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಬೇರೆ ದಪ್ಪ ಆಗಿತ್ತಂತೆ. ನಾಚಿಕೆಗೆ ಯಾರಿಗೂ ಹೇಳದೆ ಎಳನೀರು, ಜೀರಿಗೆ ಕಷಾಯ ಕುಡಿದು ದಿನ ದೂಡಿದ್ದ. ಎಂಟನೇ ದಿನ ನಡುಕ, ಜ್ವರ. ಒಂಬತ್ತನೇ ದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿದಾಗ ನಾನು ಆಫೀಸಿನ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿದ್ದೆ. "ಅಪ್ಪಯ್ಯ ಏನೇನೋ ಮಾತಾಡ್ತಾ ಇದ್ದ, ನನ್ನನ್ನ ಅವನ ಅಕ್ಕನ ಹೆಸರು ಹಿಡಿದು ಕರೀತಾ ಇದ್ದ" ಅಂದಳು. ಮೈಕ್ ಮ್ಯೂಟ್‌ನಲ್ಲಿತ್ತು. ಲ್ಯಾಪ್‌ಟಾಪ್ ಮುಚ್ಚಿ ಹೊರಟೆ.

ಬೆಂಗಳೂರಿಂದ ಶಿವಮೊಗ್ಗ ಸುಮಾರು 300 ಕಿಲೋಮೀಟರ್. ನಾನು ತಲುಪೋ ಹೊತ್ತಿಗೆ ಅವನನ್ನು ಆಂಬುಲೆನ್ಸ್‌ನಲ್ಲಿ ಅಲ್ಲಿನ ಒಂದು ಆಸ್ಪತ್ರೆಗೆ ತಂದು ಐಸಿಯುಗೆ ಸೇರಿಸಿದ್ದರು. ಬಿಪಿ 70/40. ಡಾಕ್ಟರು ಹೇಳಿದ ಪದ ಸೆಪ್ಟಿಕ್ ಶಾಕ್.

ಇದೇನು ಅಂತ ಆಮೇಲೆ ಓದಿ ತಿಳ್ಕೊಂಡೆ. ಮೂತ್ರದ ಸೋಂಕು ರಕ್ತಕ್ಕೆ ಹರಡಿದೆ. ಅದರ ಮೇಲೆ ದೇಹ ಮಾಡೋ ಯುದ್ಧದಲ್ಲಿ ಮೈಯೆಲ್ಲದರ ರಕ್ತನಾಳಗಳು ಬಿಗಿ ಕಳ್ಕೊಂಡು ಸಡಿಲ ಆಗ್ತವೆ, ಸೋರೋಕೂ ಶುರು ಮಾಡ್ತವೆ. ಪೈಪು ಅಗಲ ಆದರೆ ಪ್ರೆಶರ್ ಬೀಳತ್ತೆ. ಪ್ರೆಶರ್ ಬಿದ್ದರೆ ಮಿದುಳು, ಕಿಡ್ನಿಗೆ ರಕ್ತ ಹೋಗಲ್ಲ. ಅಮ್ಮನನ್ನು ಅಕ್ಕ ಅಂದಿದ್ದು ಅದಕ್ಕೇ. ಮೊದಲ ಚಿಕಿತ್ಸೆ ಆಂಟಿಬಯೋಟಿಕ್ ಮತ್ತು ಸಲೈನ್. ಮೊದಲ ಮೂರು ಗಂಟೆಯಲ್ಲಿ ತೂಕದ ಕೆಜಿಗೆ 30 ಮಿ.ಲೀ. ಲೆಕ್ಕ. 60 ಕೆಜಿಯ ಅಪ್ಪಯ್ಯನಿಗೆ ಸುಮಾರು ಎರಡು ಲೀಟರ್. ಅಷ್ಟು ಹಾಕಿದರೂ ಬಿಪಿ ಮೇಲೇಳಲಿಲ್ಲ. ಆಗ ಶುರುವಾಗಿದ್ದು ನಾರ್‌ಅಡ್ರಿನಲಿನ್.

ಇದು ಹೊರಗಿನ ವಸ್ತು ಅಲ್ಲ. ನಮ್ಮ ನರಗಳ ತುದಿಯಿಂದಲೇ ಒಸರುವ ರಾಸಾಯನಿಕ. ಕುರ್ಚಿಯಿಂದ ಎದ್ದು ನಿಂತಾಗ ತಲೆ ತಿರುಗಿ ಬೀಳದ ಹಾಗೆ ಕಾಲಿನ ರಕ್ತನಾಳ ಬಿಗಿಸೋದು ಇದೇ. ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ 1946ರಲ್ಲಿ ಇದನ್ನು ಗುರುತಿಸಿದರು, 1970ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಅದನ್ನೇ ಆಂಪೂಲ್‌ನಲ್ಲಿ ತುಂಬಿಸಿ, ದೇಹ ತಾನಾಗಿ ಯಾವತ್ತೂ ಮಾಡದಷ್ಟು ಪ್ರಮಾಣದಲ್ಲಿ, ಗಂಟೆಗಟ್ಟಲೆ ಕೊಡ್ತಾರೆ. ರಕ್ತದಲ್ಲಿ ಅದರ ಆಯಸ್ಸು ಕೆಲವೇ ನಿಮಿಷ. ಹಾಗಾಗಿ ಒಂದು ಸಲ ಚುಚ್ಚಿ ಬಿಡೋ ಇಂಜೆಕ್ಷನ್ ಅಲ್ಲ ಇದು. ಸಿರಿಂಜ್ ಪಂಪ್ ಅನ್ನೋ ಪುಟ್ಟ ಮೆಷಿನ್ನು ಹನಿ ಹನಿಯಾಗಿ ತಳ್ತಾ ಇರತ್ತೆ. ಒಂದು ಸಿರಿಂಜ್ ಮುಗಿಯೋ ಮೊದಲೇ ಇನ್ನೊಂದು ರೆಡಿ ಇರಬೇಕು. ಬದಲಿಸುವಾಗ ಸ್ವಲ್ಪ ಗ್ಯಾಪ್ ಬಿದ್ದರೂ ಬಿಪಿ ದಬಕ್ ಅಂತ ಕೆಳಗೆ ಬೀಳತ್ತೆ. ಪ್ರೊಡಕ್ಷನ್ ಸರ್ವರ್ ಡೌನ್ ಮಾಡದೆ ವರ್ಶನ್ ಬದಲಿಸಿ ಗೊತ್ತಿರೋರಿಗೆ ಆ ನರ್ಸಿನ ಟೆನ್ಶನ್ ಅರ್ಥ ಆಗಬಹುದು. ವ್ಯತ್ಯಾಸ ಏನಂದ್ರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ.

ಆ ರಾತ್ರಿ ಡ್ಯೂಟಿ ಡಾಕ್ಟರು, ನನಗಿಂತ ಚಿಕ್ಕವರು, ಒಂದು ಫಾರ್ಮ್ ಹಿಡಿದು ಹೊರಗೆ ಬಂದರು. ನಿಧಾನವಾಗಿ, ಕನ್ನಡದಲ್ಲೇ ಹೇಳಿದರು. "ಬಿಪಿ ಏರಿಸೋ ಔಷಧಿ ಕೊಡ್ತಾ ಇದೀವಿ. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಲೈನ್ ಹಾಕ್ಬೇಕು. ಕೈಯ ಸಣ್ಣ ನಾಳದಲ್ಲಿ ಕೊಡ್ತಾ ಹೋದ್ರೆ ಕೆಲವೊಮ್ಮೆ ಔಷಧಿ ಹೊರಗೆ ಸೋರಿ ಅಲ್ಲಿನ ಚರ್ಮ, ಮಾಂಸ ಸತ್ತು ಹೋಗತ್ತೆ. ಎದೆಬಡಿತ ಏರುಪೇರಾಗಬಹುದು. ಡೋಸ್ ಜಾಸ್ತಿ ಬೇಕಾದ್ರೆ ಕೈಕಾಲು ಬೆರಳಿಗೆ ರಕ್ತ ಕಡಿಮೆ ಆಗಿ ಕಪ್ಪಾಗಬಹುದು, ಕರುಳಿಗೂ ತೊಂದರೆ ಆಗಬಹುದು."

ನಾನು ಕೇಳಿದ್ದು ಒಂದೇ ಪ್ರಶ್ನೆ. "ಕೊಡದೇ ಇದ್ರೆ?"

"ಬೆಳಗಾಗೋ ತನಕ ಇರಲ್ಲ."

ಸಹಿ ಹಾಕಿದೆ. ಫಾರ್ಮ್ ಓದಲಿಲ್ಲ. ಆಪ್ ಇನ್‌ಸ್ಟಾಲ್ ಮಾಡುವಾಗ 'ಐ ಅಗ್ರೀ' ಒತ್ತೋ ಹಾಗೆ ಒತ್ತಿದೆ ಅಷ್ಟೇ.

ಆಂಬುಲೆನ್ಸ್‌ನಲ್ಲಿ ಬರುವಾಗಲೇ ಮೊಣಕೈ ನಾಳದಲ್ಲಿ ಅದನ್ನು ಶುರು ಮಾಡಿದ್ದರಂತೆ. ಅದು ತಪ್ಪಲ್ಲ. ಕುತ್ತಿಗೆ ಲೈನಿಗೆ ಕಾಯ್ತಾ ತಡ ಮಾಡೋದಕ್ಕಿಂತ ಹಾಗೆ ಶುರು ಮಾಡೋದೇ ಮೇಲು ಅಂತ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳತ್ತೆ. ಆದರೆ ಆ ಜಾಗದಲ್ಲಿ ಚರ್ಮ ಬಿಳಿಚಿಕೊಳ್ತಾ ಇದೆಯಾ, ತಣ್ಣಗಾಗ್ತಾ ಇದೆಯಾ ಅಂತ ಕಣ್ಣಿಟ್ಟಿರಬೇಕು. ಸೋರಿದ್ದು ಬೇಗ ಗೊತ್ತಾದರೆ ಫೆಂಟೋಲಮಿನ್ ಅನ್ನೋ ಔಷಧಿ ಅಲ್ಲೇ ಚುಚ್ಚಿ ಉಳಿಸಬಹುದು. ಅಪ್ಪಯ್ಯನ ಮೊಣಕೈಗೆ ಏನೂ ಆಗಲಿಲ್ಲ.

ಇನ್ನು ನನ್ನ ಕತೆ. ಐಸಿಯು ಒಳಗೆ ಬಿಡ್ತಿದ್ದಿದ್ದು ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ಉಳಿದ ಹೊತ್ತು ಬಾಗಿಲಿನ ಗಾಜಿನಿಂದ ಅಪ್ಪಯ್ಯನ ಮಾನಿಟರ್ ಒಂದು ಕಾಣ್ತಿತ್ತು. ನಾನು ಆಫೀಸಲ್ಲಿ ಮಾಡೋ ಕೆಲಸವೇ ಅದು, ಡ್ಯಾಶ್‌ಬೋರ್ಡ್ ನೋಡೋದು. ಸಂಖ್ಯೆ ಹಸಿರಾಗಿದ್ದರೆ ಎಲ್ಲಾ ಸರಿ. ಮೇಲಿನ ಬಿಪಿ, ಕೆಳಗಿನ ಬಿಪಿ, ಆವರಣದಲ್ಲಿ ಸರಾಸರಿ. ಡಾಕ್ಟರು ಗುರಿ ಇಟ್ಟಿದ್ದು ಆ ಸರಾಸರಿಗೆ: 65. ಬಂದಾಗ ಇದ್ದಿದ್ದು 50. ಮೊದಲ ರಾತ್ರಿ 58, 61, 64. 65 ಕಂಡಾಗ ಅಮ್ಮನಿಗೆ ಫೋನ್ ಮಾಡಿ "ಪಾಸಾದ" ಅಂದಿದ್ದೆ.

ಎರಡನೇ ದಿನ ನನಗೆ 65 ಸಾಲಲಿಲ್ಲ. ಲೆಕ್ಕ ಹಾಕಿದೆ. ಮಾಮೂಲಿ ದಿನ ಅಪ್ಪಯ್ಯನ ಬಿಪಿ 130/80. ಸರಾಸರಿ 97 ಆಯ್ತು. ಅಂದ್ಮೇಲೆ 65ಕ್ಕೆ ಯಾಕೆ ನಿಲ್ಲಿಸಿದ್ದಾರೆ? ದೊಡ್ಡ ಡಾಕ್ಟರನ್ನು ಹಿಡಿದು ಕೇಳಿದೆ. "ಸ್ವಲ್ಪ ಜಾಸ್ತಿ ಕೊಡಿ ಸಾರ್. 80, 85 ಬರಲಿ. ದುಡ್ಡಿನ ಯೋಚನೆ ಬೇಡ."

ಅವರು ಬೈಯಲಿಲ್ಲ. ಸಂಜೆಯ ಕಾಲು ಗಂಟೆಯಲ್ಲಿ ನನ್ನನ್ನು ಒಳಗೆ ಕರ್ಕೊಂಡು ಹೋಗಿ ಅಪ್ಪಯ್ಯನ ತೋರುಬೆರಳಿನ ತುದಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಹತ್ತರ ತನಕ ಎಣಿಸಿ ಬಿಟ್ಟರು. ಉಗುರು ಬೆಳ್ಳಗಾಗಿತ್ತು. "ಕೆಂಪು ವಾಪಸ್ ಬರೋಕೆ ಎಷ್ಟು ಹೊತ್ತಾಗತ್ತೆ ಎಣಿಸಿ" ಅಂದರು. ಎಣಿಸಿದೆ. ಏಳು. "ನಿಮ್ಮದು ನೋಡ್ಕೊಳ್ಳಿ." ಎರಡು.

"ಈ ಔಷಧಿ ರಕ್ತ ಹುಟ್ಟಿಸಲ್ಲ. ಇರೋ ರಕ್ತವನ್ನ ನಡುಮೈಗೆ ತಳ್ಳತ್ತೆ. ತುದಿಯಿಂದ ಕಿತ್ಕೊಂಡು ಕೊಡತ್ತೆ. ನೀವು ಹೊರಗಿಂದ ನೋಡೋ ನಂಬರ್ ಒಂದು ಪಾಯಿಂಟ್ ಏರಿಸಿದ್ರೆ ಇಲ್ಲಿ ಇನ್ನೊಂದು ಸೆಕೆಂಡ್ ಜಾಸ್ತಿ ಆಗಬಹುದು. 85ಕ್ಕೆ ಏರಿಸಿದ್ರೆ ಜಾಸ್ತಿ ಜನ ಬದುಕ್ತಾರೆ ಅಂತಿದ್ರೆ ಏರಿಸ್ತಿದ್ದೆ."

ರಾತ್ರಿ ಕಾರಿಡಾರಿನ ಕುರ್ಚಿಯಲ್ಲಿ ಕೂತು ಹುಡುಕಿದೆ. ಅವರು ಹೇಳಿದ್ದು ಸರಿ ಇತ್ತು. 2014ರಲ್ಲಿ ಫ್ರಾನ್ಸ್‌ನ ಐಸಿಯುಗಳಲ್ಲಿ ಇಂಥ 776 ರೋಗಿಗಳ ಮೇಲೆ ಅಧ್ಯಯನ ಮಾಡಿದ್ದಾರೆ. ಅರ್ಧ ಜನಕ್ಕೆ ಗುರಿ 65ರಿಂದ 70, ಇನ್ನರ್ಧಕ್ಕೆ 80ರಿಂದ 85. ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ. ಹೆಚ್ಚು ಗುರಿ ಇದ್ದವರಲ್ಲಿ ಎದೆಬಡಿತ ತಾಳ ತಪ್ಪಿದ್ದು ಜಾಸ್ತಿ. ಮೊದಲಿಂದ ಬಿಪಿ ಕಾಯಿಲೆ ಇದ್ದವರಿಗೆ ಮಾತ್ರ ಹೆಚ್ಚಿನ ಗುರಿಯಿಂದ ಡಯಾಲಿಸಿಸ್ ಅಗತ್ಯ ಕಡಿಮೆಯಾಯ್ತು. ಅಪ್ಪಯ್ಯನಿಗೆ ಬಿಪಿ ಕಾಯಿಲೆ ಇರಲಿಲ್ಲ. ಹಾಗಾದ್ರೆ ಬೇರೆ ಔಷಧಿ ಇಲ್ವಾ ಅಂತ ಅದನ್ನೂ ಹುಡುಕಿದೆ. ಹಿಂದೆ ಡೋಪಮಿನ್ ತುಂಬಾ ಕೊಡ್ತಿದ್ದರಂತೆ. 2010ರಲ್ಲಿ 1679 ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ ಸಾವು ಹೆಚ್ಚುಕಮ್ಮಿ ಒಂದೇ. ಆದರೆ ಎದೆಬಡಿತದ ತೊಂದರೆ ಡೋಪಮಿನ್‌ನವರಲ್ಲಿ ನೂರಕ್ಕೆ 24, ನಾರ್‌ಅಡ್ರಿನಲಿನ್‌ನವರಲ್ಲಿ 12. ಅಂದರೆ ಅಪ್ಪಯ್ಯನಿಗೆ ಕೊಡ್ತಾ ಇದ್ದದ್ದು ಇರೋದರಲ್ಲಿ ಒಳ್ಳೆಯದೇ. ಒಂದು ಕಾಲದಲ್ಲಿ ಅಮೆರಿಕದ ಡಾಕ್ಟರುಗಳು ಇದರ ಲೆವೋಫೆಡ್ ಅನ್ನೋ ಬ್ರ್ಯಾಂಡ್ ಹೆಸರಿಗೆ ಪ್ರಾಸ ಕಟ್ಟಿ, ಇದು ಕೊಟ್ಟರೆ ಹೆಣವೇ ಗತಿ ಅನ್ನೋ ಅರ್ಥದಲ್ಲಿ ಜೋಕ್ ಮಾಡ್ತಿದ್ದರು ಅಂತ ಓದಿದ ಮೇಲೆ ಫೋನ್ ಜೇಬಿಗಿಟ್ಟೆ. ರಾತ್ರಿ ಎರಡು ಗಂಟೆಗೆ ಐಸಿಯು ಹೊರಗೆ ಕೂತು ಇಂಥದ್ದನ್ನೆಲ್ಲ ಓದಬಾರದು.

ಮೂರನೇ ದಿನ ಡೋಸ್ ಇನ್ನೂ ಏರಿತು. ನಾರ್‌ಅಡ್ರಿನಲಿನ್ ಇನ್ನೂ ಮೇಲೆ ಹೋಗದಿರಲಿ ಅಂತ ಪಕ್ಕದಲ್ಲಿ ವಾಸೋಪ್ರೆಸಿನ್ ಅನ್ನೋ ಎರಡನೇ ಪಂಪ್ ಬಂತು. ಅದೂ ರಕ್ತನಾಳ ಬಿಗಿಸೋದೇ, ಬೇರೆ ದಾರಿಯಲ್ಲಿ. ಸಂಜೆ ಒಳಗೆ ಹೋದಾಗ ಬೆರಳ ತುದಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಮಂಜುಗಡ್ಡೆ ಮುಟ್ಟಿದ ಹಾಗೆ. ನಾನೇನು ಮಾಡಿದೆ ಗೊತ್ತಾ? ಹೊದಿಕೆ ಎಳೆದು ಕೈ ಮುಚ್ಚಿದೆ. ಚಳಿ ಆಗತ್ತೆ ಅಂತಲ್ಲ. ಮರುದಿನ ಅಮ್ಮ ಬರೋಳಿದ್ದಳು, ಅವಳಿಗೆ ಕಾಣಬಾರದು ಅಂತ. ನರ್ಸು ಬಂದು ಹೊದಿಕೆ ಸರಿಸಿದರು. "ಮುಚ್ಬೇಡಿ, ನಾವು ನೋಡ್ತಾ ಇರ್ಬೇಕು" ಅಂದರು.

ನಾಲ್ಕನೇ ದಿನ ಮೂತ್ರ ಬರೋಕೆ ಶುರುವಾಯ್ತು. ಐದನೇ ದಿನ ಒಂದು ಪಂಪ್ ನಿಂತಿತು. ಆರನೇ ದಿನ ಇನ್ನೊಂದನ್ನು ಗಂಟೆಗಂಟೆಗೂ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು. ಇದನ್ನು ಫಟ್ ಅಂತ ನಿಲ್ಲಿಸೋ ಹಾಗಿಲ್ಲ. ಏಳನೇ ದಿನ ಅಪ್ಪಯ್ಯ ನನ್ನ ನೋಡಿ, "ಕೊನೆಗೌಡ ಬಂದಿದ್ನಾ?" ಅಂದ. ಮರ ಹತ್ತಿ ಅಡಿಕೆ ಕೊನೆ ಇಳಿಸೋನ ವಿಚಾರ. ನಾನು ಅತ್ತೆ.

ಆದರೆ ಮೂರು ಬೆರಳ ತುದಿ ಒಣಗಿದ ಕರಿಮೆಣಸಿನ ಹಾಗೆ ಕಪ್ಪಾಗಿದ್ದವು. ಕಾಲಿನದ್ದೂ. ತಕ್ಷಣ ಕತ್ತರಿಸಲ್ಲ. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಗೆರೆ ಸ್ಪಷ್ಟ ಆಗೋ ತನಕ ವಾರಗಟ್ಟಲೆ ಕಾಯ್ತಾರೆ, ಉಳಿಯೋದು ಒಂದಿಷ್ಟಾದರೂ ಉಳಿಯಲಿ ಅಂತ. ಔಷಧಿಯಿಂದ ಆಯ್ತಾ, ಸೋಂಕಿನಿಂದ ಆಯ್ತಾ ಅಂತ ಕೇಳಿದೆ. ಸಣ್ಣ ರಕ್ತನಾಳಗಳಲ್ಲಿ ಸೋಂಕು ತಾನೇ ರಕ್ತ ಹೆಪ್ಪುಗಟ್ಟಿಸತ್ತೆ, ಬಿಪಿ ಬಿದ್ದಿದ್ದೂ ಕಾರಣ, ಔಷಧಿಯೂ ಕಾರಣ, ಮೂರನ್ನು ಬೇರೆ ಮಾಡಿ ಹೇಳೋಕೆ ಬರಲ್ಲ ಅಂದರು ಡಾಕ್ಟರು. ನಾಲ್ಕು ವಾರ ಕಳೆದು ಗೆಣ್ಣಿನ ಹತ್ತಿರ ಕತ್ತರಿಸಿದರು.

ಊರಿಗೆ ಬಂದ ಮೇಲೆ ನಿಜವಾದ ತೊಂದರೆ ಶುರುವಾಯ್ತು. ನೋಡೋಕೆ ಬಂದ ಎಲ್ಲರೂ ಕೇಳೋದು ಒಂದೇ: "ಮೂತ್ರದ ಸೋಂಕಿಗೆ ಬೆರಳು ಯಾಕೆ ಹೋಯ್ತು?" ಒಳ್ಳೆಯ ಪ್ರಶ್ನೆಯೇ. ಉತ್ತರವನ್ನು ಅವರೇ ಕಟ್ಟಿಕೊಂಡರು. ಓವರ್‌ಡೋಸ್ ಕೊಟ್ಟಿದ್ದಾರೆ. ಲೈನ್ ತಪ್ಪು ಜಾಗಕ್ಕೆ ಹಾಕಿದ್ದಾರೆ. ಬಿಲ್ ಏರಿಸೋಕೆ ಬೇಡದ ಇಂಜೆಕ್ಷನ್ ಹಾಕಿದ್ದಾರೆ. ದೊಡ್ಡಪ್ಪನ ಮಗನಿಗೆ ವಕೀಲರ ಪರಿಚಯ. ಗ್ರಾಹಕ ನ್ಯಾಯಾಲಯಕ್ಕೆ ಹಾಕೋಣ, ಲಕ್ಷಗಟ್ಟಲೆ ಬರತ್ತೆ ಅಂದ. ಅಪ್ಪಯ್ಯ ನನ್ನ ಮುಖ ನೋಡಿದ. "ಎಂತ ಆಗಿತ್ತು ಮಾರಾಯ ಅಲ್ಲಿ?"

ನಾನು, "ಇನ್ಫೆಕ್ಷನ್ ಜಾಸ್ತಿ ಆಗಿತ್ತು ಅಪ್ಪಯ್ಯ" ಅಂದೆ. ಸುಳ್ಳಲ್ಲ. ಆದರೆ ನಿಜದ ಮೂರನೇ ಒಂದು ಭಾಗ ಅಷ್ಟೇ.

ಯಾಕೆ ಪೂರ್ತಿ ಹೇಳಲಿಲ್ಲ? ಬೆರಳಿನ ಮಾತು ಬಂದಾಗ ಡಾಕ್ಟರು ಕೇಳಿದ್ದು ನನ್ನನ್ನ. ಒಪ್ಪಿದ್ದು ನಾನು. ಅಡಿಕೆ ಸುಲಿಯೋ ಕೈ ಅವನದ್ದು. ಮೆಟ್ಟುಗತ್ತಿ ಮೇಲೆ ಕಾಯಿ ಇಟ್ಟು ತಿರುಗಿಸೋದು ಆ ಎರಡು ಬೆರಳೇ. ನಲವತ್ತೈದು ವರ್ಷ ಹಾಗೆ ಸುಲಿದವನು ಆ ವರ್ಷ ಸುಮ್ಮನೆ ಕೂತು ಬೇರೆಯವರು ಸುಲಿಯೋದನ್ನ ನೋಡ್ತಾ ಇದ್ದ. "ನಿನ್ನ ಬೆರಳು ಕೊಡೋಕೆ ನಾನು ಸಹಿ ಹಾಕಿದೆ" ಅಂತ ಹೇಗೆ ಹೇಳೋದು? ಅದಕ್ಕಿಂತ ಊರವರು ಡಾಕ್ಟರನ್ನು ಬೈಯಲಿ ಅನ್ನಿಸಿತು. ಕನ್ನಡದಲ್ಲಿ ನಿಧಾನವಾಗಿ ಎಲ್ಲಾ ಹೇಳಿದ ಆ ಹುಡುಗ ಡಾಕ್ಟರು, ಉಗುರು ಒತ್ತಿ ತೋರಿಸಿದ ದೊಡ್ಡ ಡಾಕ್ಟರು, ಹೊದಿಕೆ ಸರಿಸಿದ ನರ್ಸು. ನಮ್ಮ ಜಗಲಿಯಲ್ಲಿ ಹನ್ನೊಂದು ತಿಂಗಳು ಅವರು ಕಳ್ಳರಾಗಿದ್ದರು, ನಾನು ಸುಮ್ಮನಿದ್ದೆ.

ಮರುವರ್ಷ ಕೊಯ್ಲಿನ ಹೊತ್ತಿಗೆ ದೊಡ್ಡಪ್ಪನ ಮಗ ಆಸ್ಪತ್ರೆಯಿಂದ ಫೈಲಿನ ನಕಲು ತರಿಸಿದ. ವಕೀಲರಿಗೆ ಕೊಡೋ ಮೊದಲು ನೋಡು ಅಂತ ನನ್ನ ಕೈಗಿಟ್ಟ. ಮೂರನೇ ಹಾಳೆಯಲ್ಲಿ ನನ್ನ ಸಹಿ. ಅದರ ಮೇಲೆ ಕೈಬರಹದಲ್ಲಿ ಒಂದು ಸಾಲು: ಬೆರಳುಗಳಿಗೆ ರಕ್ತ ಕಡಿಮೆಯಾಗಿ ಹಾನಿಯಾಗುವ ಸಾಧ್ಯತೆಯನ್ನು ಮಗನಿಗೆ ವಿವರಿಸಲಾಗಿದೆ.

ರಾತ್ರಿ ಊಟ ಆದ ಮೇಲೆ ಅಪ್ಪಯ್ಯನಿಗೆ ಹೇಳಿದೆ. ಎಲ್ಲಾ. 65, ಪಂಪ್, ಸಹಿ, 85 ಮಾಡಿ ಅಂತ ಜಗಳಕ್ಕೆ ಹೋಗಿದ್ದು, ಹೊದಿಕೆ ಮುಚ್ಚಿದ್ದು. ಅವನು ಎಲೆಗೆ ಸುಣ್ಣ ಹಚ್ಚೋದನ್ನ ನಿಲ್ಲಿಸಿ ಕೇಳಿದ.

"ಅಂದ್ರೆ ವಾಲ್ವ್ ತಿರುಗಿಸಿದ್ದು."

"ಹಾಂ?"

"2017ರ ಬೇಸಿಗೆ ನೆನಪಿದ್ಯಾ? ಬಾವೀಲಿ ನೀರಿರಲಿಲ್ಲ. ಪಂಪಿಗೆ ಪ್ರೆಶರ್ ಬರ್ತಿರಲಿಲ್ಲ. ಕೆಳಗಿನ ತುಂಡಿನ ವಾಲ್ವ್ ಬಂದ್ ಮಾಡಿ ಮೇಲಿನ ತೋಟಕ್ಕೆ ಬಿಟ್ಟೆ. ಕೆಳಗಿನ ನಲವತ್ತು ಮರ ಒಣಗಿದ್ವು. ಗೊತ್ತಿದ್ದೇ ಬಿಟ್ಟಿದ್ದೆ. ಇಲ್ದಿದ್ರೆ ಎರಡೂ ಹೋಗ್ತಿತ್ತು."

ನಾನು ಏನೂ ಹೇಳಲಿಲ್ಲ.

"ಆ ಮರಕ್ಕೆ ಎಂತಾಯ್ತು ಅಂತ ಕೇಳಿದವರಿಗೆಲ್ಲ ನಾನು ಒಣಗಿಸಿದೆ ಅಂತಲೇ ಹೇಳಿದೀನಿ. ರೋಗ ಬಂತು ಅಂದಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಬೆರಳು ಹೋಗಿದ್ದಕ್ಕೆ ಬೇಜಾರಿಲ್ಲ ಅಂತ ಹೇಳಲ್ಲ. ಇದೆ. ಆದ್ರೆ ಒಂದು ವರ್ಷ ಆ ಡಾಕ್ಟರನ್ನ ಬೈದ್ನಲ್ಲ, ಅದಕ್ಕೆ ನೀನು ಹೊಣೆ" ಅಂದ.

ಆ ಮಾತು ಇನ್ನೂ ಚುಚ್ಚತ್ತೆ. ಕೇಸು ಹಾಕಲಿಲ್ಲ. ದೊಡ್ಡಪ್ಪನ ಮಗ ಈಗಲೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ.

ಇದನ್ನು ಓದ್ತಿರೋ ನಿಮ್ಮಲ್ಲಿ ತುಂಬಾ ಜನ ನನ್ನ ಹಾಗೆ. ಅಪ್ಪ ಅಮ್ಮ ಊರಲ್ಲಿ, ನೀವು ಬೆಂಗಳೂರಲ್ಲೋ ಪುಣೆಯಲ್ಲೋ. ಒಂದು ದಿನ ಯಾವುದೋ ಐಸಿಯು ಬಾಗಿಲಲ್ಲಿ ನಿಮ್ಮ ಕೈಗೂ ಒಂದು ಫಾರ್ಮ್ ಬರಬಹುದು. ಆಗ ಸಹಿ ಹಾಕಿ, ತಡ ಮಾಡಬೇಡಿ. ಈ ಔಷಧಿ ಬೇಕಾದ ಹೊತ್ತಿಗೆ ಬೇಕೇ ಬೇಕು, ಹೆದರಿ ಬೇಡ ಅನ್ನೋದು ಬೆರಳಿಗಾಗಿ ತಲೆ ಕೊಟ್ಟ ಹಾಗೆ. ಆದರೆ ದಿನಾ ಒಳಗೆ ಬಿಟ್ಟಾಗ ಇಷ್ಟು ಕೇಳಿ: ಗುರಿ ಎಷ್ಟು ಇಟ್ಟಿದ್ದೀರಿ? ಡೋಸ್ ನಿನ್ನೆಗಿಂತ ಏರಿದೆಯೋ ಇಳಿದಿದೆಯೋ? ಕೈಯ ನಾಳದಲ್ಲಿದ್ದರೆ ಕುತ್ತಿಗೆಗೆ ಯಾವಾಗ ಬದಲಿಸ್ತೀರಿ? ಬೆರಳು, ಪಾದ ಹೇಗಿದೆ? ಮೂತ್ರ ಎಷ್ಟು ಬರ್ತಿದೆ? ಮಾನಿಟರ್ ಕಡೆ ಬೆನ್ನು ಹಾಕಿ ಒಮ್ಮೆ ಕೈ ಹಿಡ್ಕೊಳ್ಳಿ. ತಣ್ಣಗಿದ್ದರೆ, ಬಣ್ಣ ಬದಲಾಗಿದ್ದರೆ, ಲೈನ್ ಇರೋ ಜಾಗ ಬಿಳಿಚಿದ್ದರೆ ನರ್ಸಿಗೆ ಹೇಳಿ. ಮುಚ್ಚಬೇಡಿ. ಸಕ್ಕರೆ ಕಾಯಿಲೆ ಇರೋ ಅಪ್ಪ ಅಮ್ಮನಿಗೆ ಉರಿಮೂತ್ರ ಇದೆಯಾ ಅಂತ ನಾಚಿಕೆ ಬಿಟ್ಟು ಫೋನಿನಲ್ಲಿ ಕೇಳಿ. ಎಲ್ಲಕ್ಕಿಂತ ಅಗ್ಗದ ಔಷಧಿ ಅದೇ.

ಮತ್ತೆ ಅವರು ಎದ್ದು ಕೂತ ಮೇಲೆ, ಏನಾಯ್ತು ಅಂತ ಅವರಿಗೇ ಹೇಳಿಬಿಡಿ. ಮೈ ಅವರದ್ದು.

ಅಪ್ಪಯ್ಯ ಈ ವರ್ಷ ಮತ್ತೆ ಸುಲಿಯೋಕೆ ಕೂತ. ಉಂಗುರದ ಬೆರಳು, ಹೆಬ್ಬೆರಳಲ್ಲಿ ಕಾಯಿ ಹಿಡಿಯೋದು ಅಭ್ಯಾಸ ಮಾಡ್ಕೊಂಡಿದ್ದಾನೆ. ಮೊದಲಿನ ಅರ್ಧದಷ್ಟೂ ಆಗಲ್ಲ. ಊರಿಗೆ ಹೋದಾಗೆಲ್ಲ ನಾನು ಅವನ ಉಂಗುರದ ಬೆರಳಿನ ತುದಿ ಒತ್ತಿ ಹತ್ತು ಎಣಿಸಿ ಬಿಡ್ತೀನಿ. ಎರಡೇ ಸೆಕೆಂಡಿಗೆ ಕೆಂಪಾಗತ್ತೆ. "ಬಿಡಾ, ಕೆಲಸ ಇದೆ" ಅಂತ ಕೈ ಎಳ್ಕೊಳ್ತಾನೆ.